ಹಲ್ಲು ಕೀಳಿಸುವ ಹೊತ್ತು ಯಾವುದು?

ಹಲ್ಲು ನೋಯುತ್ತದೆ ಎಂದು ಅರ್ಧ ದಿನದ ರಜೆ ಕೇಳಿದವನಿಗೆ ನಮ್ಮ ಪುಣೆಯ ಹೋಟೇಲುಗಳಲ್ಲಿ ಸಿಗುವ ಉತ್ತರ ಎಲ್ಲರಿಗೂ ಗೊತ್ತಿರುವುದೇ. “ಒಂದು ಲವಂಗ ಕಚ್ಚಿಕೋ, ಊಟದ ಹೊತ್ತು ಮುಗಿಯಲಿ” ಎನ್ನುತ್ತಾರೆ. ಊಟದ ಹೊತ್ತು ಮುಗಿದರೆ ಸಂಜೆಯ ತಿಂಡಿ, ಅದು ಮುಗಿದರೆ ರಾತ್ರಿಯ ಗಿರಾಕಿ. ಕೊನೆಗೆ ಪಾತ್ರೆ ತೊಳೆದು ಬಾಗಿಲು ಹಾಕುವ ಹೊತ್ತಿಗೆ ಊರಿನ ದವಾಖಾನೆಗಳೆಲ್ಲ ಬಾಗಿಲು ಹಾಕಿರುತ್ತವೆ. ಜ್ವರ ಬಂದವನನ್ನು ಒಂದು ದಿನವಾದರೂ ಮಲಗಲು ಬಿಡುತ್ತಾರೆ. ಕೈ ಸುಟ್ಟುಕೊಂಡವನಿಗೆ ಮುಲಾಮು ತಂದು ಕೊಡುತ್ತಾರೆ. ಹಲ್ಲುನೋವು ಮಾತ್ರ ಕಾಯಿಲೆಗಳ ಲೆಕ್ಕಕ್ಕೆ ಸೇರಿಲ್ಲ. ಮಾಲಿಕರ ಮಾತು ಹಾಗಿರಲಿ, ನಮ್ಮ ಕಾರ್ಮಿಕ ಬಂಧುಗಳಲ್ಲಿಯೂ ಬಹಳ ಮಂದಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರಿಂದ ಎರಡು ಬಗೆಯ ಹಾನಿ ಆಗುತ್ತಿದೆ. ಕೀಳಿಸಲೇಬೇಕಾದ ಹಲ್ಲನ್ನು ತಡಮಾಡಿ ಕೆಲವರು ಪ್ರಾಣಕ್ಕೇ ಸಂಚಕಾರ ತಂದುಕೊಳ್ಳುತ್ತಾರೆ. ಉಳಿಸಬಹುದಾದ ಹಲ್ಲನ್ನು ಅವಸರದಲ್ಲಿ ಕೀಳಿಸಿ ಇನ್ನು ಕೆಲವರು ಮೂವತ್ತಕ್ಕೇ ಮುದುಕರಾಗುತ್ತಾರೆ. ಮೇಲುನೋಟಕ್ಕೆ ಇವೆರಡೂ ವಿರುದ್ಧವಾಗಿ ಕಂಡರೂ ಎರಡರ ಬೇರೂ ಒಂದೇ, ದುಡಿಯುವವನಿಗೆ ಹೊತ್ತಿಗೆ ಸರಿಯಾಗಿ ಅರ್ಧ ದಿನದ ಬಿಡುವು ಇಲ್ಲದಿರುವುದು.

ಮಾತ್ರೆ ನುಂಗುತ್ತ ಒಲೆಯ ಮುಂದೆ ನಿಂತ ಒಬ್ಬ ತರುಣನ ಕತೆಯನ್ನು ನಾವು ಬಲ್ಲೆವು. ಕೆಳಗಿನ ದವಡೆಹಲ್ಲು ಐದು ದಿನ ನೋಯಿತು. ಔಷಧದ ಅಂಗಡಿಯಲ್ಲಿ ಕೇಳಿದಾಗಲೆಲ್ಲ ಮಾತ್ರೆ ಸಿಕ್ಕಿತು. ನೋವು ತಗ್ಗಿದಾಗಲೆಲ್ಲ ಗುಣವಾಯಿತೆಂದು ಅವನು ತಿಳಿದ. ಆರನೆಯ ರಾತ್ರಿ ಬಾಯಿ ತೆರೆಯಲಾಗಲಿಲ್ಲ, ಉಗುಳು ನುಂಗಲಾಗಲಿಲ್ಲ. ಆಸ್ಪತ್ರೆಯಲ್ಲಿ ಗದ್ದದ ಕೆಳಗೆ ಕೊಯ್ದು ಕೀವು ತೆಗೆದರು. ಜೀವ ಉಳಿಯಿತು, ಮೂರು ವಾರದ ಪಗಾರ ಹೋಯಿತು. ಇನ್ನೊಬ್ಬರು ಗಿರಣಿಯಲ್ಲಿ ದುಡಿದವರು. ನಾಲ್ಕು ಸಲ ರೂಟ್ ಕೆನಾಲಿಗೆ ಓಡಾಡಲು ಪಾಳಿ ಬಿಡುವುದಿಲ್ಲವೆಂದು, ನೋವು ಬಂದಾಗಲೆಲ್ಲ ಒಂದೊಂದು ಹಲ್ಲು ಕೀಳಿಸುತ್ತ ಹೋದರು. ಈಗ ಅವರು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಇಂಥವರ ಪಾಲಿಗೆ ನಗೆಯ ಮಾತಲ್ಲ.

ಹಾಗಾದರೆ ಹಲ್ಲನ್ನು ಯಾವಾಗ ಕೀಳಿಸಬೇಕು? ಮೊದಲು ತಿಳಿಯಬೇಕಾದ ಮಾತು, ನೋವು ಒಂದೇ ಇದಕ್ಕೆ ಅಳತೆಗೋಲಲ್ಲ. ಹಲ್ಲಿನ ಒಳಗೆ ನರ, ರಕ್ತನಾಳಗಳು ಇರುವ ಒಂದು ಮೆತ್ತನೆಯ ತಿರುಳಿದೆ. ಹುಳುಕು ಅಲ್ಲಿಗೆ ಮುಟ್ಟಿದಾಗ ತಲೆ ಸಿಡಿಯುವಂಥ ನೋವು ಬರುತ್ತದೆ. ಕೆಲವು ದಿನಗಳಲ್ಲಿ ಆ ತಿರುಳು ಸಾಯುತ್ತದೆ, ಆಗ ನೋವು ತಾನಾಗಿ ನಿಲ್ಲುತ್ತದೆ. “ಲವಂಗದಿಂದ ವಾಸಿಯಾಯಿತು” ಎಂದು ನಾವು ಹಿಗ್ಗುತ್ತೇವೆ. ನಿಜದಲ್ಲಿ ಆಗ ರೋಗವು ಬೇರಿನ ತುದಿಯಿಂದ ಎಲುಬಿಗೆ ಇಳಿದಿರುತ್ತದೆ. ಅಲ್ಲಿ ಕೀವು ಕಟ್ಟುತ್ತದೆ, ದಾರಿ ಸಿಕ್ಕ ಕಡೆಗೆ ಹರಿಯುತ್ತದೆ. ಆದುದರಿಂದ ನೋವು ನಿಂತಿತೆಂದು ಸುಮ್ಮನಾಗಬಾರದು, ನೋವು ಜೋರಾಗಿದೆಯೆಂದು ಹಲ್ಲು ಕೀಳಿಸಲು ಓಡಲೂ ಬಾರದು. ನೋಡಬೇಕಾದುದು ಬಾವು, ಜ್ವರ ಮತ್ತು ಬಾಯಿ ಎಷ್ಟು ತೆರೆಯುತ್ತದೆ ಎಂಬುದು.

ನಾವು ಇದನ್ನು ಮೂರು ಬಗೆಯಾಗಿ ನೆನಪಿಟ್ಟುಕೊಳ್ಳೋಣ.

ಮೊದಲನೆಯದು, ಈ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕಾದದ್ದು. ಗದ್ದದ ಕೆಳಗೆ ಅಥವಾ ಕುತ್ತಿಗೆಯಲ್ಲಿ ಬಾವು ಬಂದು ಗಟ್ಟಿಯಾಗಿದ್ದರೆ, ನಾಲಗೆ ಮೇಲಕ್ಕೆ ತಳ್ಳಿದಂತೆ ಇದ್ದರೆ, ಉಗುಳು ನುಂಗಲಾರದೆ ಹೊರಗೆ ಸುರಿಯುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಉಸಿರಿಗೆ ಕಷ್ಟವಾಗುತ್ತಿದ್ದರೆ, ಬಾವು ಮೇಲೇರಿ ಕಣ್ಣು ಮುಚ್ಚಿಹೋಗುತ್ತಿದ್ದರೆ, ಚಳಿಜ್ವರ ಬಂದು ಮನುಷ್ಯ ಮಂಕಾಗಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ಎರಡು ಬೆರಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಬಾವಿನ ಜೊತೆಗೆ ಅಷ್ಟೂ ಬಾಯಿ ತೆರೆಯದಿದ್ದರೆ ಅದೂ ಇದೇ ಗುಂಪಿಗೆ ಸೇರಿದ್ದು. ಕೆಳಗಿನ ಹಿಂದಿನ ದವಡೆಹಲ್ಲುಗಳ ಬೇರುಗಳು ಬಾಯಿಯ ತಳದ ಸ್ನಾಯುವಿಗಿಂತ ಕೆಳಗೆ ಇಳಿದಿರುತ್ತವೆ. ಅಲ್ಲಿಯ ಕೀವು ಬಾಯಿಯೊಳಗೆ ಒಡೆಯದೆ ನೇರವಾಗಿ ಕುತ್ತಿಗೆಯ ಕಡೆಗೆ ಇಳಿದು ಉಸಿರಿನ ದಾರಿಯನ್ನು ಒತ್ತುತ್ತದೆ. ಜರ್ಮನಿಯ ಲುಡ್ವಿಗ್ ಎಂಬ ವೈದ್ಯರು 1836ರಲ್ಲಿ ಇದನ್ನು ವಿವರಿಸಿದರು. ಆದುದರಿಂದಲೇ ಈ ಬಾವಿಗೆ ಅವರ ಹೆಸರು. ಪೆನಿಸಿಲಿನ್ ಬರುವ ಮೊದಲು ಈ ರೋಗ ಹಿಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಇಂದು ಬಹುಮಂದಿ ಬದುಕುತ್ತಾರೆ, ಆದರೆ ಹೊತ್ತಿಗೆ ಸರಿಯಾಗಿ ಹೋದರೆ ಮಾತ್ರ. ಇಂಥವನನ್ನು ಅಂಗಾತ ಮಲಗಿಸಬೇಡಿ, ಕೂರಿಸಿಯೇ ಕರೆದೊಯ್ಯಿರಿ. 108ಕ್ಕೆ ಫೋನು ಮಾಡಿ. ಸ್ಟೇಷನ್ ಬಳಿಯ ಸಸೂನ್ ಆಸ್ಪತ್ರೆ, ಪಿಂಪ್ರಿಯ ಯಶವಂತರಾವ್ ಚವಾಣ್ ಆಸ್ಪತ್ರೆಗಳಂಥ ದೊಡ್ಡ ಕಡೆಗೇ ಹೋಗಿ. ಇದು ಬೀದಿಯ ಸಣ್ಣ ದವಾಖಾನೆಯ ಕೆಲಸವಲ್ಲ.

ಎರಡನೆಯದು, ಇವತ್ತೇ, ತಪ್ಪಿದರೆ ನಾಳೆ ಬೆಳಿಗ್ಗೆ ದಂತವೈದ್ಯರ ಬಳಿಗೆ ಹೋಗಬೇಕಾದದ್ದು. ಕೆನ್ನೆ ಊದಿದೆ, ವಸಡಿನಲ್ಲಿ ಕೀವಿನ ಗುಳ್ಳೆ ಎದ್ದಿದೆ, ಕಚ್ಚಿದರೆ ಆ ಒಂದು ಹಲ್ಲು ಎತ್ತರವಾದಂತೆ ತಾಗಿ ಜೀವ ಹೋಗುತ್ತದೆ, ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ, ಹಲ್ಲು ಮುರಿದು ಒಳಗಿನ ಕೆಂಪು ತಿರುಳು ಕಾಣುತ್ತದೆ. ಇವುಗಳಲ್ಲಿ ಯಾವುದಿದ್ದರೂ ವಾರದ ರಜೆ ಬರಲೆಂದು ಕಾಯಬಾರದು. ಸಕ್ಕರೆ ಕಾಯಿಲೆ ಇದ್ದವರಂತೂ ಒಂದು ದಿನವನ್ನೂ ಕಳೆಯಬಾರದು. ಅವರಲ್ಲಿ ಕೀವು ಬೇಗ ಹರಡುತ್ತದೆ.

ಮೂರನೆಯದು, ಈ ತಿಂಗಳೊಳಗೆ ತೋರಿಸಬೇಕಾದದ್ದು. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ, ಹಲ್ಲಿನ ತೂತಿನಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ, ಹಲ್ಲು ಸ್ವಲ್ಪ ಅಲ್ಲಾಡುತ್ತದೆ, ವಸಡಿನಲ್ಲಿ ರಕ್ತ ಬರುತ್ತದೆ. ಈ ಹಂತದಲ್ಲಿ ಬಂದವರ ಹಲ್ಲು ಬಹಳ ಮಟ್ಟಿಗೆ ಉಳಿಯುತ್ತದೆ, ಖರ್ಚೂ ಕಡಿಮೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತರಿಸುವ ಕಾಲ ಬರುವುದು ಇಲ್ಲಿ ತಡಮಾಡಿದಾಗಲೇ.

ಇನ್ನು ಹಲ್ಲನ್ನು ಕೀಳಿಸಲೇಬೇಕೇ, ಉಳಿಸಬಹುದೇ ಎಂಬ ಪ್ರಶ್ನೆ. ಹಲ್ಲು ಬೇರಿನವರೆಗೆ ಸೀಳಿದ್ದರೆ, ಹುಳುಕು ವಸಡಿನ ಕೆಳಗಿಳಿದು ಸಿಮೆಂಟು ಹಿಡಿಯಲು ಗೋಡೆಯೇ ಉಳಿದಿಲ್ಲವಾದರೆ, ವಸಡಿನ ರೋಗದಿಂದ ಎಲುಬು ಕರಗಿ ಹಲ್ಲು ಎಲ್ಲ ಕಡೆಗೂ ತೂಗಾಡುತ್ತಿದ್ದರೆ, ಬುದ್ಧಿಹಲ್ಲು ಅಡ್ಡ ಬೆಳೆದು ಮತ್ತೆ ಮತ್ತೆ ಊದುತ್ತಿದ್ದರೆ, ರೂಟ್ ಕೆನಾಲ್ ಮಾಡಿದರೂ ಕೀವು ಮರುಕಳಿಸಿ ಬೇರೆ ದಾರಿಯಿಲ್ಲವಾದರೆ ಹಲ್ಲನ್ನು ಬಿಟ್ಟುಕೊಡುವುದೇ ಸರಿ. ಹಾಗಲ್ಲದೆ ಹಲ್ಲಿನ ಗೋಡೆ ಗಟ್ಟಿಯಿದ್ದು ಒಳಗಿನ ತಿರುಳು ಮಾತ್ರ ಕೆಟ್ಟಿದ್ದರೆ, ತಿರುಳನ್ನು ತೆಗೆದು ಹಲ್ಲನ್ನು ಉಳಿಸಬಹುದು. ಕುರ್ಚಿಯ ಮೇಲೆ ಕುಳಿತಾಗ ವೈದ್ಯರನ್ನು ಈ ಒಂದು ಪ್ರಶ್ನೆ ಕೇಳಲು ನಾಚಬೇಡಿ: “ಈ ಹಲ್ಲು ಉಳಿಯುತ್ತದೆಯೇ? ಉಳಿಸಲು ಎಷ್ಟು ಸಲ ಬರಬೇಕು, ಎಷ್ಟು ಖರ್ಚು?” ಕೇಳುವುದು ನಮ್ಮ ಹಕ್ಕು.

ಔಷಧದ ಅಂಗಡಿಯ ಮಾತ್ರೆಯ ಬಗ್ಗೆ ಒಂದು ಮಾತು. ನಮ್ಮ ಪಿಂಪ್ರಿಯಲ್ಲಿಯೇ 1954ರಲ್ಲಿ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಎಂಬ ಸರ್ಕಾರಿ ಕಾರ್ಖಾನೆ ಸ್ಥಾಪನೆಯಾಗಿ, ಮರುವರ್ಷ ಪೆನಿಸಿಲಿನ್ ತಯಾರಿಕೆ ಆರಂಭವಾಯಿತು. ಕಾರ್ಮಿಕರ ಕೈಯಿಂದಲೇ ತಯಾರಾದ ಆ ಮದ್ದು ಎಷ್ಟೋ ಜೀವಗಳನ್ನು ಉಳಿಸಿದೆ. ಆದರೆ ಅಂಥ ಮದ್ದು ಕೂಡ ಸತ್ತ ಹಲ್ಲಿನ ಒಳಗೆ ಹೋಗಲಾರದು, ಏಕೆಂದರೆ ಅಲ್ಲಿ ರಕ್ತದ ಓಡಾಟವೇ ಇಲ್ಲ. ಮಾತ್ರೆ ಬಾವನ್ನು ಕೆಲವು ದಿನ ತಗ್ಗಿಸುತ್ತದೆ. ಮೂಲ ಅಲ್ಲೇ ಇದ್ದರೆ ಬಾವು ಮರಳಿ ಬರುತ್ತದೆ. ಕೀವನ್ನು ಹೊರಗೆ ಬಿಡಬೇಕು, ಹಲ್ಲನ್ನು ಶುದ್ಧಮಾಡಬೇಕು ಅಥವಾ ತೆಗೆಯಬೇಕು. ವೈದ್ಯರ ಚೀಟಿಯಿಲ್ಲದೆ ಎರಡು ದಿನ ಮಾತ್ರೆ ನುಂಗಿ ಬಿಡುವವರು ಮುಂದೆ ನಿಜವಾಗಿ ಬೇಕಾದಾಗ ಆ ಮದ್ದು ನಾಟದಂತೆ ಮಾಡಿಕೊಳ್ಳುತ್ತಾರೆ. ನೋವಿನ ಮಾತ್ರೆಗಳನ್ನು ದಿನಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಕೇಡು.

ನಮ್ಮ ನಡುವೆ ಬೇರೂರಿದ ಕೆಲವು ತಪ್ಪು ನಂಬಿಕೆಗಳೂ ಹೋಗಬೇಕಾಗಿದೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬುದು ಸುಳ್ಳು. ಕಣ್ಣಿನ ನರಕ್ಕೂ ಹಲ್ಲಿನ ನರಕ್ಕೂ ಹಾಗೆ ಸಂಬಂಧವಿಲ್ಲ. ಕೀವು ತುಂಬಿದ ಹಲ್ಲನ್ನು ಹಾಗೇ ಬಿಟ್ಟರೇ ಕಣ್ಣಿಗೆ ಅಪಾಯ. ಬಾವು ಇರುವಾಗ ಹಲ್ಲು ಮುಟ್ಟಲೇಬಾರದು ಎಂಬುದೂ ಸರಿಯಲ್ಲ. ಅಂದೇ ತೆಗೆಯಬೇಕೋ, ಮೊದಲು ಕೀವು ಬಿಟ್ಟು ಆಮೇಲೆ ತೆಗೆಯಬೇಕೋ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಆಸ್ಪಿರಿನ್ ಮಾತ್ರೆಯನ್ನು ಅರೆದು ವಸಡಿಗೆ ಒತ್ತಿದರೆ ವಸಡು ಸುಟ್ಟು ಬಿಳಿಚುತ್ತದೆ. ಊದಿದ ಕೆನ್ನೆಗೆ ಬಿಸಿ ಕಾವು ಕೊಡಬೇಡಿ. ಈ ನಾಡಿನಲ್ಲಿ ಹೊಗೆಸೊಪ್ಪನ್ನು ಹುರಿದು ಪುಡಿಮಾಡಿ ತಿಕ್ಕುವ ಮಶೇರಿಯನ್ನು ನಮ್ಮವರೂ ಕಲಿತಿದ್ದಾರೆ. ಅದು ನೋವನ್ನು ಮರೆಸಬಹುದು, ವಸಡನ್ನು ಮಾತ್ರ ತಿಂದುಹಾಕುತ್ತದೆ, ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಹೊಗೆಸೊಪ್ಪು, ಗುಟ್ಕಾ ಹಾಕುವವರ ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ ಇದ್ದು ಪಕ್ಕದ ಹಲ್ಲು ಅಲ್ಲಾಡಿದರೆ, “ಹಲ್ಲು ಕಿತ್ತುಬಿಡಿ” ಎಂದು ಹೇಳಬೇಡಿ. ಮೊದಲು ಹುಣ್ಣನ್ನು ತೋರಿಸಿ.

ಎಲ್ಲ ದವಡೆನೋವೂ ಹಲ್ಲಿನದಲ್ಲ ಎಂಬುದನ್ನೂ ಮರೆಯಬಾರದು. ಎದೆ ಬಿಗಿದು, ಬೆವರು ಸುರಿದು, ಕೆಳದವಡೆಗೆ ನೋವು ಏರಿದರೆ ಅದು ಹೃದಯದ ನೋವಾಗಿರಬಹುದು. ದಂತವೈದ್ಯರನ್ನು ಹುಡುಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಮುಖ ತೊಳೆದರೂ ಮಿಂಚು ಹೊಡೆದಂತೆ ಕ್ಷಣಕಾಲ ಬಂದು ಹೋಗುವ ನೋವು ಮುಖದ ನರದ್ದಾಗಿರಬಹುದು. ಅದನ್ನು ತಿಳಿಯದೆ ಒಂದರ ಮೇಲೊಂದು ಒಳ್ಳೆಯ ಹಲ್ಲುಗಳನ್ನು ಕೀಳಿಸಿಕೊಂಡವರಿದ್ದಾರೆ.

ಜಾರುವ ಅಡಿಗೆಮನೆಯಲ್ಲಿ ಬಿದ್ದು ಹಲ್ಲು ಬೇರುಸಹಿತ ಕಳಚಿ ಬಂದರೆ ಅದನ್ನು ಎಸೆಯಬೇಡಿ. ಬೇರನ್ನು ಮುಟ್ಟದೆ ತಲೆಯನ್ನು ಹಿಡಿದೆತ್ತಿ, ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಒಮ್ಮೆ ಅದ್ದಿ, ಉಜ್ಜದೆ ಅದರ ಗುಳಿಯಲ್ಲೇ ಕೂರಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿಟ್ಟುಕೊಂಡು ಒಂದು ಗಂಟೆಯೊಳಗೆ ದಂತವೈದ್ಯರನ್ನು ಸೇರಿ. ಹೋಟೇಲಿನಲ್ಲಿ ಹಾಲಿಗೆ ಬರವೇ? ಮಕ್ಕಳ ಹಾಲುಹಲ್ಲಿಗೆ ಈ ಮಾತು ಸಲ್ಲದು, ಅದನ್ನು ಮತ್ತೆ ಕೂರಿಸಬಾರದು.

ಹಲ್ಲು ಕೀಳಿಸಲು ನೋಂದಾಯಿತ ದಂತವೈದ್ಯರ ಬಳಿಗೇ ಹೋಗಬೇಕು. ನಮ್ಮ ದೇಶದಲ್ಲಿ 1948ರಲ್ಲೇ ದಂತವೈದ್ಯರ ನೋಂದಣಿಗೆ ಕಾಯಿದೆ ಬಂದಿತು. ಹಾಗಿದ್ದೂ ರಸ್ತೆ ಬದಿಯಲ್ಲಿ ಇಕ್ಕಳ ಹಿಡಿದು ಕೂತವರ ಬಳಿಗೆ ನಮ್ಮವರು ಹೋಗುವುದುಂಟು. ಕುದಿಸದ ಇಕ್ಕಳದಿಂದ ರಕ್ತದ ರೋಗಗಳು ಅಂಟುತ್ತವೆ. ಖರ್ಚಿಗೆ ಹೆದರುವವರು ದಂತ ಕಾಲೇಜುಗಳಿಗೆ ಹೋಗಬಹುದು. ಧನಕವಡಿಯ ಭಾರತೀ ವಿದ್ಯಾಪೀಠ, ಕ್ಯಾಂಪಿನ ಆಜಮ್ ಕ್ಯಾಂಪಸ್ಸಿನ ರಂಗೂನವಾಲಾ ಕಾಲೇಜು, ಪಿಂಪ್ರಿಯ ಡಿ. ವೈ. ಪಾಟೀಲ ಕಾಲೇಜುಗಳಲ್ಲಿ ಗುರುಗಳ ಕಣ್ಣೆದುರಿನಲ್ಲಿ ಕಲಿಯುವವರು ಚಿಕಿತ್ಸೆ ಮಾಡುತ್ತಾರೆ. ಖಾಸಗಿ ದವಾಖಾನೆಗಿಂತ ಅಲ್ಲಿ ಖರ್ಚು ಕಡಿಮೆ. ರಕ್ತ ತೆಳುಮಾಡುವ ಮಾತ್ರೆ, ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಊರಿನಿಂದ ಹೊಸದಾಗಿ ಬಂದ ತಮ್ಮಂದಿರಿಗೆ ಮರಾಠಿ ಬಾರದು. ನೋವನ್ನು ಬಾಯಿಬಿಟ್ಟು ಹೇಳಲಾರದೆ ಕೈಸನ್ನೆ ಮಾಡುತ್ತ ನಿಲ್ಲುತ್ತಾರೆ. ಅವರಿಗೆ ಈ ಮಾತುಗಳನ್ನು ಕಲಿಸಿ. ಹಲ್ಲು ನೋಯುತ್ತದೆ ಎನ್ನಲು “ದಾತ್ ದುಖತೋಯ್”. ಕೆನ್ನೆ ಊದಿದೆ ಎನ್ನಲು “ಗಾಲಾವರ್ ಸೂಜ್ ಆಲೀ ಆಹೇ”. ಜ್ವರವಿದೆ ಎನ್ನಲು “ತಾಪ್ ಆಹೇ”. ಬಾಯಿ ತೆರೆಯುವುದಿಲ್ಲ ಎನ್ನಲು “ತೋಂಡ್ ಉಘಡತ್ ನಾಹೀ”. ನುಂಗಲಾಗುವುದಿಲ್ಲ ಎನ್ನಲು “ಗಿಳತಾ ಯೇತ್ ನಾಹೀ”. ಹಲ್ಲು ಉಳಿಸಬಹುದೇ ಎಂದು ಕೇಳಲು “ದಾತ್ ವಾಚವತಾ ಯೇಯೀಲ್ ಕಾ?” ಕೊನೆಯ ಎರಡು ಮಾತುಗಳನ್ನು ಮರೆಯದಂತೆ ಕಲಿಸಿ. ಒಂದು ಪ್ರಾಣವನ್ನು, ಇನ್ನೊಂದು ಹಲ್ಲನ್ನು ಉಳಿಸಬಲ್ಲದು.

ಹಲ್ಲು ಕೀಳಿಸಿದ ಮೇಲೆ ವೈದ್ಯರು ಕೊಟ್ಟ ಬಟ್ಟೆಯನ್ನು ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಆ ದಿನ ಬಾಯಿ ಮುಕ್ಕಳಿಸಬಾರದು, ಉಗುಳಬಾರದು, ಬಿಸಿ ಚಹಾ, ಬೀಡಿ, ಹೊಗೆಸೊಪ್ಪು ಯಾವುದೂ ಕೂಡದು. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಅದು ಕಿತ್ತುಹೋದರೆ ಎರಡು ಮೂರು ದಿನದಲ್ಲಿ ಮೊದಲಿಗಿಂತ ಹೆಚ್ಚಿನ ನೋವು ಬರುತ್ತದೆ. ಹೀಗಿರುವಾಗ ಹಲ್ಲು ಕೀಳಿಸಿ ಬಂದವನನ್ನು ಅದೇ ಸಂಜೆ ಉರಿಯುವ ಒಲೆಯ ಮುಂದೆ ನಿಲ್ಲಿಸುವುದು, ಮೂಟೆ ಹೊರಿಸುವುದು ಯಾವ ನ್ಯಾಯ? ಒತ್ತಿ ಕಚ್ಚಿದರೂ ರಕ್ತ ನಿಲ್ಲದಿದ್ದರೆ ಮರಳಿ ವೈದ್ಯರ ಬಳಿಗೆ ಓಡಬೇಕಾದೀತು.

ಇಲ್ಲಿಗೆ ನಮ್ಮ ಮುಖ್ಯ ಮಾತಿಗೆ ಬಂದೆವು. ಇಷ್ಟೆಲ್ಲ ತಿಳಿದೂ ಹೋಗಲು ಬಿಡುವಿಲ್ಲದಿದ್ದರೆ ತಿಳಿದು ಫಲವೇನು? ಕಾನೂನು ನಮ್ಮ ಪರವಾಗಿ ಏನನ್ನೂ ಹೇಳಿಲ್ಲವೆಂದು ತಿಳಿಯಬೇಡಿ. 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ತನ್ನ ವ್ಯಾಪ್ತಿಯ ಕೆಲಸಗಾರನಿಗೆ ವಾರದ ರಜೆಯಲ್ಲದೆ ವರ್ಷಕ್ಕೆ 8 ದಿನ ಸಂಬಳಸಹಿತ ಸಾಂದರ್ಭಿಕ ರಜೆಯನ್ನು ಕೊಟ್ಟಿದೆ. ಹಲ್ಲಿಗೆ ಬೇಕಾದುದು ಅದರಲ್ಲಿ ಅರ್ಧ ದಿನ. ಇ.ಎಸ್.ಐ. ಇದ್ದವರ ಪಗಾರದಿಂದ 2019ರ ಜುಲೈಯಿಂದ ನೂರಕ್ಕೆ 75 ಪೈಸೆ, ಮಾಲಿಕರಿಂದ 3 ರೂಪಾಯಿ 25 ಪೈಸೆ ಎಂದು ವಂತಿಗೆ ಗೊತ್ತಾಯಿತು. ದುಡ್ಡು ಕಟ್ಟಿಯೂ ಕಾರ್ಡು ಪೆಟ್ಟಿಗೆಯ ತಳದಲ್ಲಿದ್ದರೆ ಯಾರಿಗೆ ಲಾಭ? ಚಿಂಚವಡದ ಮೋಹನನಗರದಲ್ಲಿ ಇ.ಎಸ್.ಐ. ಆಸ್ಪತ್ರೆ ಇದೆ. ಆದರೆ ಒಂದು ತೊಡಕನ್ನು ತಿಳಿದಿರಬೇಕು. ಇ.ಎಸ್.ಐ.ಯ ಕಾಯಿಲೆ ಭತ್ಯ ಸಾಮಾನ್ಯವಾಗಿ ಮೊದಲ ಎರಡು ದಿನಗಳಿಗೆ ಸಿಗುವುದಿಲ್ಲ. ಹಲ್ಲಿನ ಕೆಲಸ ಒಂದು ದಿನದ್ದು. ಆದುದರಿಂದ ಆ ದಿನದ ಪಗಾರ ಮಾಲಿಕರ ಗಲ್ಲೆಯಿಂದಲೇ ಬರಬೇಕು. ಐದಾರು ಜನ ದುಡಿಯುವ ಸಣ್ಣ ಹೋಟೇಲುಗಳವರಿಗೆ ಆ ರಜೆಯ ನಿಯಮವೂ ಇಲ್ಲ, ಇ.ಎಸ್.ಐ. ಕಡ್ಡಾಯವೂ ಇಲ್ಲ. ಸಂಘದ ಬಲ ಹೆಚ್ಚು ಬೇಕಾದುದು ಅಲ್ಲಿಯೇ.

ಮಾಲಿಕರಲ್ಲಿಯೂ ಬಹುಮಂದಿ ನಮ್ಮ ನಾಡಿನವರೇ. ಬಸಿ ತೊಳೆದು ಮೇಲೆ ಬಂದವರೂ ಅವರಲ್ಲಿದ್ದಾರೆ. ಅವರಿಗೆ ನಾವು ಹೇಳುವುದು ಇಷ್ಟೇ. ಧಣಿಗಳೇ, ಒಂದು ಬೆಳಗ್ಗೆ ಬಿಡುವು ಕೊಟ್ಟರೆ ಮಧ್ಯಾಹ್ನಕ್ಕೋ ಮರುದಿನಕ್ಕೋ ಆಳು ಕೆಲಸಕ್ಕೆ ಬರುತ್ತಾನೆ. ಕೊಡದಿದ್ದರೆ ಮೂರು ವಾರ ಆಸ್ಪತ್ರೆಯಲ್ಲಿ ಬೀಳುತ್ತಾನೆ. ಲೆಕ್ಕ ನಿಮಗೇ ಚೆನ್ನಾಗಿ ಬರುತ್ತದೆ.

ಕಾರ್ಮಿಕ ಬಂಧುಗಳಿಗೆ ನಮ್ಮ ಬೇಡಿಕೆ ಮೂರು. ಪ್ರತಿಯೊಂದು ಹೋಟೇಲಿನಲ್ಲಿ, ಗಿರಣಿ ಕಾರ್ಖಾನೆಗಳ ಪ್ರತಿಯೊಂದು ಪಾಳಿಯಲ್ಲಿ, ಹಲ್ಲುನೋವಿಗೆ ಅರ್ಧ ದಿನದ ಪಗಾರೀ ರಜೆಯನ್ನು ಒಬ್ಬೊಬ್ಬರೇ ಅಂಗಲಾಚದೆ ಎಲ್ಲರೂ ಸೇರಿ ಕೇಳಿರಿ. ಗೆಳೆಯ ಹಲ್ಲಿಗಾಗಿ ಹೋದ ಹೊತ್ತಿನಲ್ಲಿ ಅವನ ಕೆಲಸವನ್ನು ಹಂಚಿಕೊಳ್ಳಿರಿ. ಜೊತೆಯಲ್ಲಿ ಮಲಗುವವರಲ್ಲಿ ಯಾರಿಗಾದರೂ ಕೆನ್ನೆ ಊದಿದ್ದರೆ, ರಾತ್ರಿ ದೀಪ ಆರಿಸುವ ಮೊದಲು ಅವನ ಬಾಯಿ ತೆರೆಸಿ ನೋಡಿರಿ, ಉಗುಳು ನುಂಗಿಸಿ ನೋಡಿರಿ. ಎರಡರಲ್ಲಿ ಒಂದು ಆಗದಿದ್ದರೂ ಧಣಿಗಳ ಅಪ್ಪಣೆಗೆ ಕಾಯದೆ ಅವನನ್ನು ಎಬ್ಬಿಸಿಕೊಂಡು ಆಸ್ಪತ್ರೆಗೆ ನಡೆಯಿರಿ. ಮರುದಿನ ಯಾರಾದರೂ ಕೇಳಿದರೆ ಸಂಘ ಉತ್ತರ ಕೊಡುತ್ತದೆ.